ಚಳಿಕೋಣೆಯಲ್ಲಿ ಬಾಳೆಗೊನೆ

ನಮ್ಮ ಓಣಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಫಕೀರಪ್ಪ ಹೊಂಬಳ ಅಂದರೆ ಯಾರ ತಂಟೆಗೂ ಹೋಗದವನು, ಹೋಗುತ್ತ ಬರುತ್ತ ತಲೆ ತಗ್ಗಿಸಿಕೊಂಡೇ ನಡೆಯುವವನು ಎನ್ನುತ್ತಾರೆ. ಆ ತಲೆ ಯಾಕೆ ತಗ್ಗಿದೆ ಎಂದು ಒಂದು ವರ್ಷ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಈಗ ಕೇಳದಿದ್ದರೂ ಹೇಳುತ್ತಿದ್ದೇನೆ.

ಗದಗಿನಲ್ಲಿ ಚಳಿ ನಿಂತುಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಎಳ್ಳಮಾವಾಸ್ಯೆಗೂ ಫ್ಯಾನು ಬೇಕು, ಸಂಕ್ರಾಂತಿಗೂ ಬೆವರು. ಚಳಿ ಹೋದ ಮೇಲೆ ಗೋಧಿಯೂ ಹೋಯಿತು. ಅದರಲ್ಲೂ ಜವೆಗೋಧಿ ಬಲು ಸೂಕ್ಷ್ಮ. ತೆನೆ ಕಟ್ಟುವ ಹೊತ್ತಿಗೆ ರಾತ್ರಿ ತಣ್ಣಗಿರದಿದ್ದರೆ ಅದು ಮುನಿಸಿಕೊಂಡ ಬೀಗರ ಹಾಗೆ ಏನು ಕೊಟ್ಟರೂ ಮುಟ್ಟುವುದಿಲ್ಲ. ಜವೆಗೋಧಿಯಲ್ಲೇ ಮಾಡುತ್ತಿದ್ದ ಮದುವೆಮನೆಯ ಹುಗ್ಗಿಗೆ ಅಕ್ಕಿ ಬಂತು. ನಮ್ಮವ್ವನಂಥವರು ಅದನ್ನು ಹುಗ್ಗಿ ಎಂದು ಒಪ್ಪದೆ, ಬಡಿಸಿದ್ದನ್ನು ಉಂಡು, ಮನೆಗೆ ಬಂದು ಬೈಯುತ್ತಿದ್ದರು.

ಕೊನೆಗೆ ಉಳಿದದ್ದು ಧಾರವಾಡದ ಒಂದು ಶೀತಲ ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಕಿಲೊ ಬೀಜ. ನಮ್ಮ ಬೀಜ ಸಂಘದವರು ಅದನ್ನು ಬೇಡಿ ತಂದರು. ಹೊರಗೆ ಚಳಿಗಾಲ ಇಲ್ಲದಿದ್ದರೆ ಒಂದು ಕೋಣೆಯೊಳಗೆ ಚಳಿಗಾಲ ಮಾಡೋಣ ಎಂದರು. ಸ್ಟೇಶನ್ ಕಡೆಗಿರುವ ಹಳೇ ಅರಳೆ ಗಿರಣಿಯ ಒಂದು ಗೋದಾಮನ್ನು ಹಿಡಿದು, ಇಪ್ಪತ್ತನಾಲ್ಕು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಕೋಣೆ ಕಟ್ಟಿದರು. ಸೂಜಿಮೊನೆಯಷ್ಟೂ ಗಾಳಿ ಒಳಹೊರಗೆ ಆಡದಂತೆ ಅಂಟು ಬಡಿದು ಮುಚ್ಚಿದರು. ಊರಿನವರು ಅದನ್ನು ಚಳಿಕೋಣೆ ಎಂದರು. ಅದಕ್ಕೆ ಒಂದು ಗಾಜಿನ ಕಿಟಕಿ ಇತ್ತು. ಬೇಸಗೆಯಲ್ಲಿ ಮಂದಿ ಬಂದು ಆ ಗಾಜಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದರು. ಒಳಗೆ ಹೋಗುವ ನಮಗೆ ಸಂಘದಿಂದ ಸ್ವೆಟರ್ ಕೊಟ್ಟಿದ್ದರು. ಗದಗಿನಲ್ಲಿ ಸ್ವೆಟರ್ ತೊಡುವವರು ನಾವು ಆರೇ ಮಂದಿ; ಅದರ ಜಂಬ ನನಗೂ ಇತ್ತು.

ಕೋಣೆ ಮುಚ್ಚಿದರೆ ಒಂದು ತೊಂದರೆ. ಪೈರು ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಉಣ್ಣುತ್ತದೆ. ಬಯಲಿನಲ್ಲಾದರೆ ಗಾಳಿ ಬೀಸಿ ಹೊಸದು ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ದೀಪ ಹಚ್ಚಿದ ಒಂದು ತಾಸಿಗೆ ಅದು ಅರ್ಧಕ್ಕಿಳಿದು ಪೈರು ಹಸಿದು ನಿಲ್ಲುತ್ತದೆ. ಅದಕ್ಕಾಗಿ ಕೋಣೆಯೊಳಗೆ ಒಂದು ಗ್ಯಾಸಿನ ಒಲೆ ಇತ್ತು. ಉರಿ ನೀಲಿಯಾಗಿದ್ದರೆ ಪೈರಿಗೆ ಬೇಕಾದ ಗಾಳಿ ಬರುತ್ತದೆ. ತುದಿ ಹಳದಿಯಾದರೆ ಅರೆಬರೆ ಉರಿದ ಹೊಲಸು ಗಾಳಿ ಬರುತ್ತದೆ. ಆ ಗಾಳಿ ಎಷ್ಟಿದೆ ಎಂದು ತೋರಿಸುವ ಬೋರ್ಡಿನ ಮೇಲೆ ಅಂಕಿ ಒಂಬೈನೂರರಲ್ಲಿ ನಿಲ್ಲಬೇಕು. ಸಂಜೆ ದೀಪ ಆರಿದ ಮೇಲೆ ಒಲೆಯನ್ನೂ ಆರಿಸುತ್ತಿದ್ದೆವು. ಕತ್ತಲೆಯಲ್ಲಿ ಪೈರೂ ನಮ್ಮ ಹಾಗೆ ಉಸಿರು ಬಿಡುತ್ತದೆ, ಅಂಕಿ ತಾನಾಗಿ ಏರಿ ಬೆಳಗಿಗೆ ಹನ್ನೆರಡು ನೂರಕ್ಕೆ ಬರುತ್ತದೆ.

ಒಲೆ ದಾವಲಬಿ ನದಾಫಳ ಕೆಲಸ. ಬೋರ್ಡು, ಬೀಗದ ಕೈ, ದಿನದ ದಾಖಲೆ ಪುಸ್ತಕ ನನ್ನ ಕೆಲಸ.

ದಾವಲಬಿಯ ಅಜ್ಜ ಇಮಾಮಸಾಬ ಇದೇ ಗಿರಣಿಯಲ್ಲಿ ಅರಳೆ ಹಿಂಜುತ್ತಿದ್ದ. ಅವಳಿಗೆ ಮೂವತ್ತರ ಆಸುಪಾಸು. ಮಾತು ಕಡಿಮೆ, ಕಣ್ಣು ಚೂಪು. ಒಲೆಯ ತೂತುಗಳನ್ನು ದಿನಾ ಬೆಳಗ್ಗೆ ಪಿನ್ನಿನಿಂದ ಒಂದೊಂದಾಗಿ ಬಿಡಿಸಿ, ಉರಿ ಹಚ್ಚಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿದ್ದಳು. ತನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಬೆಳಗಿನ ಅಂಕಿ, ಸುಟ್ಟ ಗ್ಯಾಸು, ಉರಿಯ ಬಣ್ಣ ಎಲ್ಲ ಬರೆದಿಡುತ್ತಿದ್ದಳು. ಬರೆ ಎಂದು ಯಾರೂ ಹೇಳಿರಲಿಲ್ಲ.

ಧಾರವಾಡದಿಂದ ಹದಿನೈದು ದಿನಕ್ಕೊಮ್ಮೆ ಡಾಕ್ಟರ್ ವತ್ಸಲಾ ಕೆರೂರ ಬರುತ್ತಿದ್ದರು. ಇಡೀ ಯೋಜನೆಗೆ ಅವರೇ ಯಜಮಾನಿ; ನಮಗೆಲ್ಲ ಡಾಕ್ಟರ್ ಬಾಯಾರು. ಅವರು ಹೇಳಿದಂತೆ ನಾವು ವಾರಕ್ಕೊಮ್ಮೆ ಕೋಣೆಯ ಗಾಳಿಯನ್ನು ಸಣ್ಣ ಬಾಟಲಿಯಲ್ಲಿ ತುಂಬಿ ಮುಚ್ಚಿ ಇಡುತ್ತಿದ್ದೆವು. ಅರ್ಧ ಕಿಲೊ ಬೀಜವನ್ನು ಶ್ರಾವಣದಲ್ಲಿ ಬಿತ್ತಿದ್ದೆವು. ಇನ್ನರ್ಧ ಕಿಲೊ ಪೆಟ್ಟಿಗೆಯಲ್ಲಿತ್ತು. ಮಹಾನವಮಿಯ ಹೊತ್ತಿಗೆ ಪೈರು ಹೊಡೆಗಟ್ಟಿತ್ತು. ತೆನೆ ಇನ್ನೂ ಎಲೆಯ ಸುರುಳಿಯೊಳಗೆ ಅಡಗಿತ್ತು.

ಮಹಾನವಮಿಯ ದಿನ ಖಂಡೆಪೂಜೆ. ನಮ್ಮ ಕಡೆ ಅವತ್ತು ಕುಡುಗೋಲಿನಿಂದ ಹಿಡಿದು ಬಸ್ಸಿನ ತನಕ ಎಲ್ಲಕ್ಕೂ ವಿಭೂತಿ ಕುಂಕುಮ. ಕಂಟ್ರೋಲ್ ರೂಮಿನ ಕೀಬೋರ್ಡು, ಪಾನಾ, ಸ್ಕ್ರೂಡ್ರೈವರ್ ಎಲ್ಲ ಸಾಲಾಗಿ ಇಟ್ಟೆವು. ಬಾಳೆಗೊನೆ ದಾವಲಬಿಯ ಮನೆಯದು. ಬಹಳ ಹಿಂದೆ ಗಿರಣಿಗೆ ಬೆಂಕಿ ಬಿದ್ದಾಗ ಹಲವು ಗೋದಾಮುಗಳು ಸುಟ್ಟರೂ ಅರಳೆ ಹಿಂಜುವವರ ಚಾವಡಿ ಉಳಿಯಿತಂತೆ. ಅಂದಿನಿಂದ ಖಂಡೆಪೂಜೆಗೆ ಗೊನೆ ನಮ್ಮ ಮನೆಯಿಂದಲೇ ಎಂದು ಇಮಾಮಸಾಬ ಹರಕೆ ಹೊತ್ತ. ಗಿರಣಿ ಮುಚ್ಚಿದ ವರ್ಷಗಳಲ್ಲೂ ಬಾಗಿಲಿಗೆ ಗೊನೆ ಇಟ್ಟು ಹೋಗುತ್ತಿದ್ದರಂತೆ.

ಹನ್ನೊಂದಕ್ಕೆ ಪೂಜೆ ಮುಗಿಯಿತು. ಎಲ್ಲರಿಗೂ ಮನೆಯ ಹೋಳಿಗೆಯ ಅವಸರ. ಗೊನೆ ಹಾಗೇ ಉಳಿಯಿತು. ಅವತ್ತು ಶುಕ್ರವಾರ; ಪ್ರಸಾದ ಹಂಚುವುದು ಸೋಮವಾರ ಎಲ್ಲರೂ ಬಂದ ಮೇಲೆ. ಹೊರಗೆ ಮೂವತ್ತೊಂಬತ್ತು ಡಿಗ್ರಿ, ಸೋಮವಾರಕ್ಕೆ ಹಣ್ಣು ಕರಿ ಇದ್ದಿಲಾಗುತ್ತಿತ್ತು. ನಾನು ಒಬ್ಬನೇ ನಿಂತು ಯೋಚಿಸಿದೆ. ಚಳಿಕೋಣೆಯ ಹಿಂಗೋಡೆಯಲ್ಲಿ ಫ್ಯಾನಿನ ಕಪಾಟು ಇದೆ. ಕೋಣೆಯ ಗಾಳಿ ಅದರೊಳಗೆ ಹೋಗಿ, ತಣ್ಣಗಾಗಿ, ಮತ್ತೆ ಪೈರಿನ ಮೇಲೆ ಬರುತ್ತದೆ. ಅಲ್ಲಿ ಸದಾ ಹದಿನಾಲ್ಕು ಡಿಗ್ರಿ. ಬೀಗದ ಕೈ ನನ್ನ ಹತ್ತಿರ ಮಾತ್ರ. ತೆರೆದೆ, ಗೊನೆಯನ್ನು ಮೂಲೆಗೆ ಒರಗಿಸಿದೆ, ಮುಚ್ಚಿದೆ.

ಕಪಾಟು ತೆರೆದರೆ ದಾಖಲೆ ಪುಸ್ತಕದಲ್ಲಿ ಕಾರಣ ಬರೆಯಬೇಕು. ಏನೆಂದು ಬರೆಯಲಿ, ಬಾಳೆಗೊನೆ ಎಂದೇ? ಡಾಕ್ಟರ್ ಬಾಯಾರು ಓದಿದರೆ ನಕ್ಕಾರು ಎಂದು ನಾಚಿಕೆಯಾಯಿತು. ‘ತೆರೆದಿಲ್ಲ’ ಎಂದು ಬರೆದೆ.

ಮರುದಿನ ದಸರೆ. ದಾವಲಬಿ ಮನೆಗೆ ಬಂದು ಅವ್ವನ ಕಾಲು ಮುಟ್ಟಿ ಬನ್ನಿ ಕೊಟ್ಟಳು. ನನ್ನ ಅಂಗೈಯಲ್ಲೂ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ” ಎಂದಳು. ಬನ್ನಿ ಕೊಟ್ಟರೆ ಒಂದು ವರ್ಷದ ಸಿಟ್ಟು ಸೆಡವು ಎಲ್ಲ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ. ನಮ್ಮಿಬ್ಬರ ನಡುವೆ ಮುಗಿಸಿಕೊಳ್ಳುವಂಥದ್ದು ಆಗ ಏನೂ ಇರಲಿಲ್ಲ.

ರವಿವಾರ ಬೆಳಗ್ಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ. ವಾಪಸ್ ಬಂದ ಮೇಲೂ ತಲೆಯಲ್ಲಿ ಅವ್ವನ ಸೊಂಟವೇ ತುಂಬಿತ್ತು. ಗೊನೆಯನ್ನು ಯಾರೋ ಹಂಚಿರಬೇಕು ಎಂದು ಉಳಿದವರು ತಿಳಿದರು. ನಾನಂತೂ ಮರೆತೇಬಿಟ್ಟಿದ್ದೆ.

ಪೂಜೆಯಾದ ಹದಿನಾಲ್ಕನೆಯ ದಿನ ದಾವಲಬಿ ನೋಟ್‌ಬುಕ್ ಹಿಡಿದು ಕಂಟ್ರೋಲ್ ರೂಮಿಗೆ ಬಂದಳು.

“ಅಣ್ಣಾರ, ಒಂದ್ ಮಾತ್ರಿ. ಮುಂಜಾನಿ ಅಂಕಿ ಹನ್ನೆರಡ್ ನೂರ್ ಇರಬೇಕಲ್ರಿ. ಹದಿಮೂರ್ ನೂರ್ ಬರಾಕತ್ತೈತಿ. ಹಗಲಿ ಗ್ಯಾಸೂ ಕಡಿಮಿ ಹೊಂಟೈತಿ.”

“ಪೈರು ಬೆಳದಾವವ್ವಾ. ಹೆಚ್ಚು ಉಸರು ಬಿಡತಾವ.”

“ಬೆಳದ್ರ ದಿನಾ ಚೂರ್ ಚೂರ್ ಏರಬೇಕ್ರಿ. ಇದು ಮಾನೌಮಿ ಆದಮ್ಯಾಲ ಒಮ್ಮೆಲೆ ಏರೈತಿ.” ಅವಳು ನೋಟ್‌ಬುಕ್ ನನ್ನ ಮುಂದೆ ತಿರುಗಿಸಿದಳು. “ಒಳಗ ಏನೋ ಉಸರಾಡಾಕತ್ತೈತ್ರಿ, ಅಣ್ಣಾರ.”

ಆಗ ಗೊನೆ ನೆನಪಾಯಿತು. ಹಣ್ಣೂ ಉಸಿರಾಡುತ್ತದೆ ಎನ್ನುವಷ್ಟು ನನಗೆ ಗೊತ್ತಿತ್ತು.

“ಸೆನ್ಸರ್ ಕೆಟ್ಟಿರಬೇಕು,” ಎಂದೆ. “ನಾ ನೋಡ್ತೀನಿ ಬಿಡು.”

ಅವಳು ಊಟಕ್ಕೆ ಹೋದಾಗ ಕಪಾಟು ತೆರೆದೆ. ಗೊನೆ ಪೂರ್ತಿ ಕಪ್ಪಾಗಿ ಕೆಳಗೆ ರಸ ಸೋರಿತ್ತು. ಸಿಹಿ ನಾತ. ಗೊಬ್ಬರದ ಚೀಲವೊಂದರಲ್ಲಿ ತುಂಬಿ ಹಿತ್ತಲ ತಿಪ್ಪೆಗೆ ಎಸೆದು, ನೆಲ ಒರೆಸಿದೆ. ಮೂರು ದಿನದಲ್ಲಿ ಅಂಕಿ ಹನ್ನೆರಡು ನೂರಕ್ಕೆ ಬಂತು. “ನೋಡು, ಸೆನ್ಸರ್ ಸರಿ ಆತು” ಎಂದೆ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ‘ಸೆನ್ಸರ್ ದುರಸ್ತಿ, ಫಕೀರಪ್ಪಣ್ಣಾರು’ ಎಂದು ಬರೆದುಕೊಂಡಳು.

ಇಲ್ಲಿಯವರೆಗಿನದು ತಪ್ಪು. ಗೊನೆಯ ಉಸಿರಿನಿಂದ ಪೈರಿಗೆ ಒಳ್ಳೆಯದೇ ಆಯಿತಲ್ಲ, ಅದಕ್ಕೆ ಬೇಕಾದದ್ದೇ ಸಿಕ್ಕಿತಲ್ಲ ಎಂದು ನಾನು ನಿಜವಾಗಿಯೂ ನಂಬಿದ್ದೆ. ಪಾಪ ಮುಂದೆ ಇದೆ.

ತೆನೆ ಹೊರಬಂತು. ನೋಡಲಿಕ್ಕೆ ಎರಡು ಕಣ್ಣು ಸಾಲದು. ಊರ ಮಂದಿ ಗಾಜಿಗೆ ಮುಖ ಒತ್ತಿ ನೋಡಿದರು. ಅವ್ವನನ್ನು ಗಾಲಿಕುರ್ಚಿಯಲ್ಲಿ ಕರೆತಂದೆ. ಅವಳು ಬಹಳ ಹೊತ್ತು ನೋಡಿ, “ನೆಟ್ಟಗ ನಿಂತಾವಲ್ಲೊ, ಯಾಕ ಬಾಗವಲ್ವು?” ಎಂದಳು. “ಇನ್ನಾ ಹಸಿರ ಅದಾವಬೇ” ಎಂದೆ. ಮತ್ತೆ ಎರಡು ವಾರ ಕಳೆದರೂ ಅವು ಬಾಗಲಿಲ್ಲ. ಕಾಳು ತುಂಬಿದ ತೆನೆ ಭಾರಕ್ಕೆ ತಲೆ ತಗ್ಗಿಸುತ್ತದೆ. ನಮ್ಮವು ಒಣಗುವವರೆಗೂ ಸೆಟೆದೇ ನಿಂತಿದ್ದವು.

ಡಾಕ್ಟರ್ ವತ್ಸಲಾ ಬಂದು ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದರು. ಎಲ್ಲ ಹಾರಿಹೋಯಿತು. ಇನ್ನೊಂದು ಮುರಿದರು, ಮತ್ತೊಂದು. ಕೈಯಲ್ಲಿ ಒಂದು ಕಾಳೂ ಉಳಿಯಲಿಲ್ಲ. ಇಡೀ ಕೋಣೆ ಜೊಳ್ಳು. ಅವರು ಗಾಳಿಯ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಧಾರವಾಡಕ್ಕೆ ಹೋದರು.

ಮುಂದಿನ ಶುಕ್ರವಾರ ಸಂಘದ ಪಂಚರು ಕೂತರು. ಡಾಕ್ಟರ್ ಬಾಯಾರು ಹೇಳಿದ್ದು ಇಷ್ಟು: ಮಹಾನವಮಿಯ ನಂತರದ ಬಾಟಲಿಗಳಲ್ಲಿ ಎಥಿಲೀನ್ ಎಂಬ ಗಾಳಿ ಇದೆ. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಸಾಕು, ಹೊಡೆಯೊಳಗಿರುವ ಗೋಧಿಯ ಪರಾಗ ಸತ್ತುಹೋಗುತ್ತದೆ. ತೆನೆ ಬರುತ್ತದೆ, ಕಾಳು ಕಟ್ಟುವುದಿಲ್ಲ. ಬಯಲಿನಲ್ಲಾದರೆ ಗಾಳಿಗೆ ಹಾರಿಹೋಗುವಂಥದ್ದು, ಮುಚ್ಚಿದ ಕೋಣೆಯಲ್ಲಿ ಕೂಡಿಕೊಂಡಿದೆ. ಗ್ಯಾಸು ಅರೆಬರೆ ಉರಿದರೆ ಇದು ಹುಟ್ಟುತ್ತದೆ.

ಎಲ್ಲರೂ ದಾವಲಬಿಯ ಕಡೆ ನೋಡಿದರು. ಅವಳು ತಾನಾಗಿಯೇ ನೋಟ್‌ಬುಕ್ ಮುಂದಿಟ್ಟಳು. ಅದರಲ್ಲೇ ಸಿಕ್ಕಿಬಿದ್ದಳು. ಆ ಎರಡು ವಾರ ಗ್ಯಾಸು ಕಡಿಮೆ ಸುಟ್ಟಿದೆ ಎಂದು ಅವಳ ಅಕ್ಷರದಲ್ಲೇ ಇತ್ತಲ್ಲ. ಉರಿ ಕುಂದಿತ್ತು, ನೀನು ನೋಡಲಿಲ್ಲ ಎಂದರು ಪಂಚರು.

“ಉರಿ ನೀಲೀನ ಇತ್ರಿ,” ಎಂದಳು. “ದಿನಾ ಮುಂದ್ ಕುಂತು ನೋಡೀನ್ರಿ. ಒಳಗ ಬ್ಯಾರೆ ಏನೋ ಉಸರಾಡತಿತ್ತು. ಅಣ್ಣಾರಿಗೆ ಅವತ್ತೇ ಹೇಳಿದ್ದೆ.”

ಪಂಚರು ನನ್ನನ್ನು ಕೇಳಿದರು.

“ಸೆನ್ಸರ್ ಕೆಟ್ಟಿತ್ರಿ. ನಾ ಸರಿ ಮಾಡಿದೆ,” ಎಂದೆ.

“ಉರಿ ಹೆಂಗಿತ್ತು?”

“ನಾ ನೋಡಿಲ್ರಿ.”

ನೋಡಿದ್ದೆ. ನೀಲಿಯೇ ಇತ್ತು. ಗೊನೆಗೂ ಎಥಿಲೀನಿಗೂ ಏನು ಸಂಬಂಧ ಎಂದು ಅವತ್ತು ನನಗೆ ತಿಳಿದಿರಲಿಲ್ಲ. ಆದರೆ ನಾನು ಕಪಾಟು ತೆರೆದದ್ದು ಹೊರಬಂದೀತು ಎಂಬ ಅಂಜಿಕೆ ಮಾತ್ರ ಇತ್ತು, ಆ ಅಂಜಿಕೆಗೆ ನನ್ನ ಕಣ್ಣನ್ನೇ ಮಾರಿದೆ.

ರವಿವಾರ ಅಡುಗೆಮನೆಯಲ್ಲಿ ಅವ್ವ ಗೋಡೆ ಹಿಡಿದು ನಿಂತು, ಕಾಯಿ ಬಾಳೆಯನ್ನು ಹೆಡಿಗೆಗೆ ಇಡುತ್ತಿದ್ದಳು. ನಡುವೆ ಒಂದು ಕಳಿತ ಹಣ್ಣು ಇಟ್ಟು ಮೇಲೆ ಗೋಣಿತಟ್ಟು ಮುಚ್ಚಿದಳು.

“ಅದೊಂದ ಹಣ್ಣು ಯಾಕಬೇ ಅದರಾಗ?”

“ಎಷ್ಟ್ ಓದಿದ್ರ ಏನ್ ಬಂತು ನಿನಗ? ಒಂದು ಹಣ್ಣಿನ ಗಾಳಿ ಉಳದದ್ದಕ್ಕೆಲ್ಲಾ ತಾಕತೈತಿ. ಮುಚ್ಚಿಟ್ರ ಎಲ್ಲಾ ಒಮ್ಮಿಗೇ ಹಣ್ಣಾಗತಾವ.”

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಮುಚ್ಚಿದ ಹೆಡಿಗೆ, ಮುಚ್ಚಿದ ಕೋಣೆ. ಅವ್ವ ನನ್ನ ಮುಖ ನೋಡಿ, “ಏನಾತು, ಜ್ವರ ಬಂದಾವೇನು?” ಎಂದು ಹಣೆ ಮುಟ್ಟಿದಳು.

ಸೋಮವಾರ ಮತ್ತೆ ಗಿರಣಿಗೆ ಬಂದಿದ್ದ ಡಾಕ್ಟರ್ ಬಾಯಾರು ಒಬ್ಬರೇ ಸಿಕ್ಕಾಗ, ಬೇರೆ ಏನೋ ಮಾತಿನ ನಡುವೆ ಎಂಬಂತೆ ಕೇಳಿದೆ. “ಮೇಡಂ, ಹಣ್ಣಿಂದನೂ ಆ ಎಥಿಲೀನ್ ಬರತೈತೇನ್ರಿ?”

“ಬರತದ. ಬಾಳೆಹಣ್ಣು ಅದರಾಗ ಮುಂದು. ಯಾಕ, ಫಕೀರಪ್ಪ?”

ನಿಜ ಹೇಳಲಿಕ್ಕೆ ಬಾಗಿಲು ತೆರೆದೇ ಇತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅವರ ಮೇಜಿನ ಮೇಲೆ ದಾವಲಬಿಯನ್ನು ಕೆಲಸದಿಂದ ತೆಗೆಯುವ ಪತ್ರ ಸಹಿಯಿಲ್ಲದೆ ಬಿದ್ದಿದ್ದು ನನಗೆ ಕಾಣುತ್ತಿತ್ತು.

“ಏನಿಲ್ರಿ, ನಮ್ಮವ್ವ ಕೇಳಿದ್ಲು,” ಎಂದೆ.

ಮಧ್ಯಾಹ್ನ ಸಹಿಯಾಯಿತು. ದಾವಲಬಿ ಸ್ವೆಟರ್ ಮಡಚಿ ನನ್ನ ಕೈಗೇ ಕೊಟ್ಟು ಹೋದಳು.

ಇದು ಪಾಪ.

ಒಂದು ವರ್ಷ ಅದನ್ನು ಹೊತ್ತು ತಿರುಗಿದೆ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನನಗೂ ಒಂದು ನೆವ ಸಿಕ್ಕಿತ್ತು. ನಿಜ ಹೇಳಿದರೆ ಅವಳ ಮನೆಯ ಗೊನೆಯೇ ಬೆಳೆ ಕೆಡಿಸಿತು ಎಂದಾಗುತ್ತದೆ, ಅವಳ ಅಜ್ಜನ ಹರಕೆಗೆ ಮಸಿ ಹತ್ತುತ್ತದೆ, ಅವಳು ಇನ್ನಷ್ಟು ನೊಂದುಕೊಳ್ಳುತ್ತಾಳೆ, ಅವಳ ಒಳ್ಳೆಯದಕ್ಕೇ ನಾನು ಸುಮ್ಮನಿದ್ದೇನೆ. ಎಷ್ಟು ಚೆಂದದ ನೆವ! ದಿನಾ ಬೆಳಗ್ಗೆ ಅದನ್ನು ನನಗೆ ನಾನೇ ಹೇಳಿಕೊಂಡು ಸ್ವೆಟರ್ ತೊಡುತ್ತಿದ್ದೆ.

ಬಾಳೆಹಣ್ಣು ಬಾಯಿಗಿಡುವುದನ್ನು ಬಿಟ್ಟೆ. ಅವ್ವ ಗಮನಿಸಿದಳು. “ಹಣ್ಣ ಕಂಡ್ರ ಹಾವ್ ಕಂಡಂಗ ಯಾಕ ಹೌಹಾರ್ತಿ?” ಎಂದು ಸುಮ್ಮನೆ ಚುಡಾಯಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, “ನಾ ಏನ್ ಮಾಡೀನಿ?” ಎಂದು ರೇಗಿಬಿಟ್ಟೆ. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಮಾತು ಎತ್ತದಿದ್ದರೆ ಅದನ್ನು ಎಲ್ಲಿಯೋ ಇಟ್ಟುಕೊಂಡಿದ್ದಾಳೆ ಎಂದೇ ಅರ್ಥ.

ದಾವಲಬಿ ಬಸ್ ಸ್ಟ್ಯಾಂಡಿನ ಬಾಜೂ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಅವಳಿಲ್ಲದ ಹೊತ್ತು ನೋಡಿ ಅಲ್ಲಿಗೆ ಉಣ್ಣಲು ಹೋದೆ. ಖಾನಾವಳಿಯ ಅಕ್ಕ ಅವಳನ್ನು ಹೊಗಳಿದ್ದೇ ಹೊಗಳಿದ್ದು. “ರೊಟ್ಟಿ ಅಂದ್ರ ರೊಟ್ಟಿ, ಚಂದ್ರಾಮ ಇದ್ದಂಗ. ಆದ್ರ ಒಲಿ ಮಾತ್ರ ಹಚ್ಚೂದಿಲ್ಲ ನೋಡ್ರಿ. ಉರಿ ಸಣ್ಣ ದೊಡ್ಡ ಮಾಡೂದಿದ್ರೂ ಇನ್ನೊಬ್ರನ್ನ ಕರೀತಾಳ. ‘ನನಗ ಉರಿ ತಿಳಿಯಂಗಿಲ್ಲ’ ಅಂತಾಳ.”

ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಗದಗಿನಲ್ಲಿ ಅವಳಷ್ಟು ಉರಿ ತಿಳಿದವರು ಇನ್ನೊಬ್ಬರಿರಲಿಲ್ಲ. ನಾನು ಕಸಿದದ್ದು ಕೆಲಸ ಒಂದನ್ನೇ ಎಂದುಕೊಂಡಿದ್ದೆ.

ಉಳಿದರ್ಧ ಕಿಲೊ ಬೀಜವನ್ನು ಮತ್ತೆ ಶ್ರಾವಣದಲ್ಲಿ ಬಿತ್ತಿದೆವು. ಇದು ಹೋದರೆ ಜವೆಗೋಧಿ ಎಂಬುದು ಅವ್ವನ ಬಾಯಿಯ ಮಾತಿನಲ್ಲಿ ಮಾತ್ರ ಉಳಿಯುತ್ತಿತ್ತು. ಒಲೆ ತೆಗೆದುಹಾಕಿ ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಕೂಡಿಸಿದ್ದರು. ಮಹಾನವಮಿ ಬಂತು, ಪೈರು ಮತ್ತೆ ಹೊಡೆಗಟ್ಟಿತು. ಗಿರಣಿಯ ಮಂದಿ ತಮ್ಮತಮ್ಮಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಹೋದ ವರ್ಷ ಪೂಜೆ ಹೊರಗೆ ಮಾಡಿದ್ದಕ್ಕೇ ದೇವಿ ಮುನಿದಳು, ಈ ಸಲ ಫ್ಯಾನಿನ ಕಪಾಟಿನೊಳಗೇ ಗೊನೆ ಇಟ್ಟು ಪೂಜೆ ಮಾಡಬೇಕು, ಹುಣ್ಣಿಮೆಯ ತನಕ ತೆಗೆಯಬಾರದು ಎಂದು. ಕೇಳಿ ನನಗೆ ನಗು ಬರಲಿಲ್ಲ. ಡಾಕ್ಟರ್ ಬಾಯಾರು ಬರುವುದು ದಸರೆ ಕಳೆದ ಮೇಲೆ. “ಕಪಾಟಿನ ಬೀಗದ ಕೈ ತಗೊಂಡ್ ಬರ್ರಿ ಫಕೀರಪ್ಪಣ್ಣ” ಎಂದರು. ಬಾಯಾರ ಅಪ್ಪಣೆ ಇಲ್ಲ ಎಂದು ಹೇಳಿ ಜಾರಿಕೊಳ್ಳೋಣ ಎಂದುಕೊಂಡೆ. ಇನ್ನೊಂದು ಸುಳ್ಳಿಗೆ ನಾಲಗೆ ತಯಾರಾಗಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ದಾವಲಬಿ ಕಂಡಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಗೊನೆ. ಒಳಗೆ ಬರಲು ಅವಳಿಗೆ ಅಪ್ಪಣೆ ಇರಲಿಲ್ಲ. ಹೊರಗೇ ನಿಂತಿದ್ದಳು. ನಾನು ಓಡಿದೆ.

“ಅಜ್ಜನ ಕಾಲದಿಂದ ತಪ್ಪಿಲ್ರಿ ಅಣ್ಣಾರ,” ಎಂದಳು, ಗೊನೆ ಇಳಿಸುತ್ತ. “ನನ್ನ ಕಾಲಕ್ಕ ತಪ್ಪೂದು ಬ್ಯಾಡ. ಇದನ್ನ ತಗೊಂಡ್ರ ನಾ ಹೊಂಡ್ತೀನಿ.”

“ಒಳಗ ಬ್ಯಾಡ,” ಎಂದೆ.

ಅವಳ ಮುಖ ಸಣ್ಣದಾಯಿತು. ನಾನು ಅವಳನ್ನು ಬೇಡ ಅಂದೆ ಎಂದು ತಿಳಿದಳು. ಅದನ್ನು ಸರಿಪಡಿಸಬೇಕೆಂಬ ಅವಸರದಲ್ಲಿ ಬಾಯಿಬಿಟ್ಟೆ. “ಹಂಗಲ್ಲವ್ವ. ಬಾಳೆಹಣ್ಣಿನ ಗಾಳಿ ಪೈರಿಗೆ ಆಗೂದಿಲ್ಲ. ತೆನಿ ಜೊಳ್ಳಾಗತೈತಿ.”

ಅವಳು ಗೊನೆಯನ್ನು ಕಟ್ಟೆಯ ಮೇಲೆ ಇಟ್ಟಳು. ಸಿಂಬೆ ಬಿಚ್ಚಿ ಸೆರಗು ಸರಿಮಾಡಿಕೊಂಡಳು. ಬಹಳ ಸಾವಕಾಶವಾಗಿ ಕೇಳಿದಳು.

“ಇದು ನಿಮಗ ಯಾವಾಗಿಂದ ಗೊತ್ರಿ?”

ನಾನು ಗೇಟಿನ ಸರಳು ಹಿಡಿದೆ.

“ಹ್ವಾದ ವರ್ಷದ ಗೊನಿ ಎಲ್ಲಿ ಇಟ್ಟಿದ್ರಿ, ಅಣ್ಣಾರ?”

ಗೇಟಿನ ಬಿಸಿ ಕಬ್ಬಿಣ ಹಿಡಿದುಕೊಂಡೇ ಎಲ್ಲ ಹೇಳಿದೆ. ಕಪಾಟು, ಚೀಲ, ಸೆನ್ಸರ್, ನೀಲಿ ಉರಿ, ಅವ್ವನ ಹೆಸರು ಹೇಳಿ ಜಾರಿಕೊಂಡದ್ದು. ಯಾವುದನ್ನೂ ಬಿಡಲಿಲ್ಲ. “ನೀ ಹೇಳಿದ್ದ ಖರೇ. ಒಳಗ ಉಸರಾಡತಿತ್ತು” ಎಂದೆ. ತಪ್ಪಾಯ್ತು ಎಂದೂ ಅಂದೆ. ಅದು ಎಷ್ಟು ಸಣ್ಣ ಮಾತು ಎಂದು ಅಂದ ಮೇಲೆ ಗೊತ್ತಾಯಿತು.

ಅವಳು ತನ್ನ ಎರಡು ಕೈಯನ್ನೂ ತಿರುವಿ ತಿರುವಿ ನೋಡಿಕೊಂಡಳು.

“ಒಂದ್ ವರ್ಷ,” ಎಂದಳು. “ಒಂದ್ ವರ್ಷ ನನ್ನ ಕಣ್ಣ ಕೆಟ್ಟಾವು ಅಂತ ತಿಳದಿದ್ನಿ. ಮನ್ಯಾಗ ಚಾ ಮಾಡಾಕೂ ತಂಗೀನ ಕರೀತಿದ್ನಿ.” ಕೈ ಇಳಿಸಿ, “ಪುಸ್ತಕ ತರ್ರಿ” ಎಂದಳು.

ದಾಖಲೆ ಪುಸ್ತಕ ತಂದೆ. ಹೋದ ವರ್ಷದ ಮಹಾನವಮಿಯ ಪುಟ ತೆಗೆದೆ. ‘ತೆರೆದಿಲ್ಲ’ ಎಂಬುದನ್ನು ಅವಳ ಎದುರಿಗೇ ಹೊಡೆದುಹಾಕಿ ಬರೆದೆ: ‘ತೆರೆದಿದ್ದೇನೆ. ಬಾಳೆಗೊನೆ ಇಟ್ಟವನು ನಾನು. ಹದಿನಾಲ್ಕು ದಿನ ಇತ್ತು. ದಾವಲಬಿಯ ಉರಿ ನೀಲಿಯಾಗಿತ್ತು.’ ಅವಳು ಒಂದೊಂದೇ ಅಕ್ಷರ ಓದಿದಳು. ಕೆಳಗೆ ಸಹಿ ಮಾಡಿಸಿದಳು. ಆಮೇಲೆ ಗೊನೆಯ ಹಣ್ಣು ಮುರಿದು ಮುರಿದು, ಗೇಟಿನ ಹೊರಗೇ, ಗಿರಣಿಯ ಮಂದಿಗೆಲ್ಲ ಹಂಚಿದಳು. ಗೇಟಿಗೆ ಬಂದು ನಿಂತು ಕೇಳಿದ್ದ ಅವರಿಗೆ ಏನು ನಡೆಯಿತೆಂದು ಅಷ್ಟರಲ್ಲಿ ತಿಳಿದಿತ್ತು, ಯಾರೂ ನನ್ನ ಕಡೆ ನೋಡಲಿಲ್ಲ. ನನ್ನ ಸರದಿ ಬಂದಾಗ ಹಣ್ಣನ್ನು ನನ್ನ ಕೈಗೆ ಕೊಡಲಿಲ್ಲ. ಪುಸ್ತಕದ ಮೇಲೆ ಇಟ್ಟಳು.

ಡಾಕ್ಟರ್ ಬಾಯಾರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಹೇಳಿದರು: “ಗಾಳೀನ ಬಾಟಲ್ಯಾಗ ತುಂಬಿಟ್ಟೆ, ಫಕೀರಪ್ಪ. ಆ ಹುಡುಗಿ ಹೇಳಿದ್ದನ್ನ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ನಿಂದೊಂದ ತಪ್ಪಲ್ಲ ಇದು.” ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನ ಆಗಲಿಲ್ಲ.

ಮನೆಯಲ್ಲಿ ಅವ್ವನಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ: “ನನ್ನ ಹೆಸರ ಯಾಕ ಹೇಳಿದ್ಯಪಾ? ನಾ ಯಾವಾಗ ಕೇಳಿದ್ನಿ?” ಅವತ್ತು ನನ್ನ ಹೋಳಿಗೆಗೆ ತುಪ್ಪ ಬೀಳಲಿಲ್ಲ.

ಮರುದಿನ ದಸರೆ. ಬನ್ನಿ ಹಿಡಿದು ನದಾಫರ ಓಣಿಗೆ ಹೋದೆ. ದಾವಲಬಿ ಬಾಗಿಲಲ್ಲಿ ಒಲೆ ಹಚ್ಚಿ ಹಂಚು ಇಟ್ಟು ಕೂತಿದ್ದಳು. ಉರಿಯನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ ನೋಡುತ್ತಿದ್ದಳು. ನಾನು ಎಲೆ ಮುಂದೆ ಹಿಡಿದೆ. ಬಂಗಾರದ ಮಾತು ಬಾಯಿಗೆ ಬರಲಿಲ್ಲ.

ಅವಳು ಕೈ ಚಾಚಲಿಲ್ಲ.

“ಅಲ್ಲೇ ಕಟ್ಟೀ ಮ್ಯಾಲ ಇಡ್ರಿ, ಅಣ್ಣಾರ,” ಎಂದಳು. “ತೆನಿ ಬಾಗಲಿ. ಆಮ್ಯಾಲ ಕೈಯಾಗ ತಗೊಳ್ಳೂದು ನೋಡೂಣು.”

ಇಟ್ಟು ಬಂದೆ.

ಸಂಘದವರು ನನ್ನನ್ನು ತೆಗೆದರು, ಅವಳನ್ನು ಕರೆದರು. ಹೋಗುವ ಮುನ್ನ ಅವಳು ಒಂದು ಷರತ್ತು ಹಾಕಿದಳಂತೆ: ಸಿಲಿಂಡರು ಬೇಡ, ನನ್ನ ಒಲೆ ವಾಪಸ್ ಕೂಡಿಸಿರಿ ಎಂದು. ಕೂಡಿಸಿದರು. ಕಾರ್ತಿಕದಲ್ಲಿ ಒಂದು ದಿನ ಊರ ಮಂದಿಯ ನಡುವೆ ನಿಂತು ನಾನೂ ಗಾಜಿನೊಳಗೆ ನೋಡಿದೆ. ಸ್ವೆಟರ್ ತೊಟ್ಟು ಅವಳು ನೀಲಿ ಉರಿಯ ಮುಂದೆ ಕೂತಿದ್ದಳು. ಅವಳ ಸುತ್ತ ಇಡೀ ಕೋಣೆಯ ತೆನೆಗಳು ತಲೆ ಬಾಗಿಸಿ ನಿಂತಿದ್ದವು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ಅವ್ವ ಗಾಜಿನಿಂದ ಕೆನ್ನೆ ತೆಗೆಯಲೇ ಇಲ್ಲ.

ಅಂದೇ ಮಧ್ಯಾಹ್ನ ನದಾಫರ ಓಣಿಗೆ ಹೋದೆ. ಮನೆಗೆ ಬೀಗ ಹಾಕಿತ್ತು. ನಾನಿಟ್ಟ ಬನ್ನಿ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು, ಒಣಗಿ ಮುದುಡಿ. ಒಂದು ತಿಂಗಳ ಮೇಲಾಗಿದ್ದರೂ ಹಾರಿಹೋಗಿರಲಿಲ್ಲ. ಗಾಳಿಗೆ ಹೋಗದಿರಲೆಂದು ಅದರ ಮೇಲೆ ಯಾರೋ ಒಂದು ಸಣ್ಣ ಕಲ್ಲು ಇಟ್ಟಿದ್ದರು.

ಕಲ್ಲು ಇಟ್ಟವರು ಯಾರು ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಆಗಿಲ್ಲ.